ಇಪ್ಪತ್ತೆರಡು ಗಂಟೆಯ ದಿನ

"ಮುಂಬೈಯಲ್ಲಿ ಭಾವನ ಮನೆ ಇರುವಾಗ ರೂಮಿಗೆ ದುಡ್ಡು ಕೊಡುವುದಾ? ಅಂಗಳದಲ್ಲಿ ಬಾವಿ ಇಟ್ಟುಕೊಂಡು ಬಾಟ್ಲಿ ನೀರು ತಂದ ಹಾಗಾಯ್ತು" ಎಂದರು ಭಟ್ರು.

ಭಾವ ಭಟ್ರದ್ದಲ್ಲ, ಶೆಟ್ರದ್ದು. ಬೇರೆಯವರ ಭಾವನ ಮನೆ ಅಂದರೆ ಭಟ್ರಿಗೆ ಯಾವಾಗಲೂ ದೊಡ್ಡ ಮನಸ್ಸು.

ನಾವು ಕೂತದ್ದು ಉಡುಪಿಯ ನಮ್ಮ ಮಾಮೂಲಿ ಹೋಟೆಲಿನ ಮೂಲೆ ಮೇಜಿನಲ್ಲಿ. ಗೋಳಿಬಜೆ ಇನ್ನೂ ಎಣ್ಣೆಯಲ್ಲಿತ್ತು. ಹಳೆಯ ಗೆಳೆಯನ ಮಗಳ ಮದುವೆ, 14ರ ಸಂಜೆ, ಮಾಟುಂಗದಲ್ಲಿ. ಹೋಗುವವರು ಶೆಟ್ರು, ಭಟ್ರು, ಪೈಗಳು, ನಾನು. ನಾಲ್ವರೂ ಅರವತ್ತು ದಾಟಿದವರು. ನಾಲ್ವರ ಹೆಂಡತಿಯರೂ "ನೀವೇ ಹೋಗಿ ಬನ್ನಿ" ಅಂದವರು. ಐದನೆಯವನು ಮೊಬೈಲ್ ಅಂಗಡಿಯ ಸದಾ. ಅವನು ಬರುವುದಿಲ್ಲ. ಆದರೆ ಬುಕಿಂಗ್ ಆ್ಯಪ್ ಇರುವುದು ಅವನ ಕೈಯಲ್ಲಿ, ಹಾಗಾಗಿ ಚಾ ನಮ್ಮ ಲೆಕ್ಕದ್ದು.

"ಹೋದ ಸಲದ್ದು ಮರೆತೇ ಹೋಯ್ತಾ ಭಟ್ರೇ?" ಶೆಟ್ರು ಕೇಳಿದರು.

ಮರೆಯುವುದು ಹೇಗೆ? ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆ. ಭಾವ, ಅಕ್ಕ, ಇಬ್ಬರು ಮಕ್ಕಳು, ಭಾವನ ತಾಯಿ. ಅದರ ಮೇಲೆ ನಾವು ನಾಲ್ಕು ಜನ, ಹಾಲಿನಲ್ಲಿ ಸಾಲಾಗಿ ಚಾಪೆ. ರಾತ್ರಿ ನೀರು ಕುಡಿಯಲು ಏಳುವವರು ಲೋಕಲ್ ರೈಲಿನಿಂದ ಇಳಿಯುವವರ ಹಾಗೆ ಎರಡು ನಿಮಿಷ ಮೊದಲೇ ತಯಾರಾಗಬೇಕು. ಅಕ್ಕ ಪಾಪ ನಸುಕಿಗೇ ಎದ್ದು ಡ್ರಮ್ಮಿಗೆ ನೀರು ತುಂಬಿಸಿಡುತ್ತಿದ್ದರು. ಭಟ್ರು ಸಂಧ್ಯಾವಂದನೆಗೆ ಮೊದಲು ಮಿಂದು ಬಂದರೆ ಅರ್ಧ ಡ್ರಮ್ಮು ಖಾಲಿ. ಮೂರನೇ ದಿನ ಭಾವ ಬಹಳ ಮರ್ಯಾದೆಯಿಂದ "ಊರಲ್ಲಿ ಮಳೆ ಹೇಗುಂಟು?" ಅಂತ ಕೇಳಿದರು. ನಮಗೆ ಅರ್ಥವಾಯಿತು.

"ಈ ಸಲ ಚೈನ್ ಹೋಟೆಲೇ" ಎಂದರು ಶೆಟ್ರು. ಮಗ ಸಂಬಳದಿಂದ ಸ್ವಲ್ಪ ದುಡ್ಡು ಹಾಕಿದ್ದನಂತೆ.

"ಚೈನ್ ಅಂದ್ರೆ ಎಂತದು ಮಾರಾಯ್ರೇ?"

"ಎಲ್ಲ ಊರಲ್ಲೂ ಒಂದೇ ಹೆಸರು, ಒಂದೇ ಬಣ್ಣ, ಒಂದೇ ಸಾಬೂನು" ಸದಾ ಹೇಳಿದ. "ಕಣ್ಣು ಕಟ್ಟಿ ಬಿಟ್ಟರೂ ಸ್ವಿಚ್ ಎಲ್ಲುಂಟು ಅಂತ ಗೊತ್ತಾಗಬೇಕು."

ಶೆಟ್ರಿಗೆ ಇದು ತಡೆಯಲಿಲ್ಲ. "ಅದನ್ನು ಕಂಡುಹಿಡಿದದ್ದು ನಾವು! ಕೊಲಾಬಾದಿಂದ ಬೋರಿವಲಿ ತನಕ ಯಾವ ಉಡುಪಿ ಹೋಟೆಲಿಗೆ ನುಗ್ಗಿ ನೋಡಿ. ಅದೇ ಇಡ್ಲಿ, ಅದೇ ಸಾಂಬಾರು, ಅದೇ ಸ್ಟೀಲ್ ಲೋಟ, ಗಲ್ಲೆಯ ಹಿಂದೆ ಅದೇ ದೇವರ ಪಟ. ಹೆಡ್ ಆಫೀಸ್ ಒಂದು ಇಲ್ಲ, ಅಷ್ಟೇ."

ಅದು ನಿಜವೇ. ಮಾಟುಂಗದ ರಾಮ ನಾಯಕರ ಬೋರ್ಡಿಂಗ್ 1942ರಿಂದ ಬಾಳೆ ಎಲೆ ಹಾಕುತ್ತಾ ಇದೆ. ಉಡುಪಿಯಿಂದ ರಾತ್ರಿಯಿಡೀ ರೈಲಲ್ಲಿ ಕೂತು ಹೋಗಿ, ಅಲ್ಲಿ ಮತ್ತೆ ಉಡುಪಿ ಊಟಕ್ಕೇ ಕ್ಯೂ ನಿಲ್ಲುವ ಜನ ನಾವು. ಹೊಸ ಊರು ನೋಡಬೇಕು, ಆದರೆ ಎಲೆಯ ಮೇಲೆ ಹೊಸತು ಏನೂ ಇರಬಾರದು.

ಪೈಗಳು ಬ್ಯಾಂಕಿನಲ್ಲಿದ್ದವರು. ಯಾವ ಮಾತಿಗಾದರೂ ಅವರ ಹತ್ತಿರ ಒಂದು ಹಳೆಯ ಫೈಲು ಇರುತ್ತದೆ. "ಈ ಹಾಲಿಡೇ ಇನ್ ಹುಟ್ಟಿದ್ದು ಎರಡು ಡಾಲರಿನ ಸಿಟ್ಟಿನಿಂದ, ಗೊತ್ತುಂಟಾ? 1951ರಲ್ಲಿ ಅಮೆರಿಕದ ಮೆಂಫಿಸಿನ ಕೆಮನ್ಸ್ ವಿಲ್ಸನ್ ಅಂತ ಒಬ್ಬ, ಹೆಂಡತಿ, ಐದು ಮಕ್ಕಳನ್ನು ಕಾರಲ್ಲಿ ತುಂಬಿಕೊಂಡು ವಾಷಿಂಗ್ಟನ್ ನೋಡಲು ಹೊರಟ. ದಾರಿಯಲ್ಲಿ ಲಾಡ್ಜಿನವರು ರೂಮಿನ ಬಾಡಿಗೆಯ ಮೇಲೆ ಒಂದೊಂದು ಮಗುವಿಗೆ ಎರಡೆರಡು ಡಾಲರ್ ಕೇಳಿದರು. ಐದು ಮಕ್ಕಳಲ್ವಾ, ಹತ್ತು ಡಾಲರ್. ಅವನಿಗೆ ಉರಿದು ಹೋಯ್ತು. ಮರುವರ್ಷ ಊರಲ್ಲೇ ತನ್ನದೊಂದು ಕಟ್ಟಿದ. ಮಕ್ಕಳಿಗೆ ಬಾಡಿಗೆ ಇಲ್ಲ ಅಂತ ಬೋರ್ಡು."

"ಒಳ್ಳೆಯ ಮನುಷ್ಯ" ಎಂದರು ಭಟ್ರು. "ಹಾಗಾದರೆ ನಾವು ನಾಲ್ಕು ಜನ ಒಂದೇ ರೂಮಲ್ಲಿ..."

"ನಾವು ಮಕ್ಕಳಲ್ಲ ಭಟ್ರೇ."

ಸದಾ ಫೋನ್ ತೆಗೆದ. ಅಲ್ಲಿಂದ ಶುರುವಾಯಿತು ನೋಡಿ ಹೆಸರುಗಳ ಜಾತ್ರೆ. ನಾನು ಚೈನ್ ಅಂದರೆ ಒಂದೆರಡು ಅಂದುಕೊಂಡಿದ್ದೆ. ಮ್ಯಾರಿಯಟ್ ಒಂದರ ಅಡಿಯಲ್ಲೇ 30ಕ್ಕೂ ಹೆಚ್ಚು ಹೆಸರುಗಳಿವೆಯಂತೆ. ಐಬಿಸ್ ಅಂದರೆ ನಮ್ಮ ಗದ್ದೆಗೆ ಇಳಿಯುತ್ತದಲ್ಲ, ಬಾಗಿದ ಕೊಕ್ಕಿನ ಕೆಂಬರಲು, ಆ ಹಕ್ಕಿಯ ಹೆಸರು. 1974ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಗೂಡು ಕಟ್ಟಿದ್ದು ಈಗ ಮುಂಬೈ ಏರ್‌ಪೋರ್ಟ್ ಹತ್ತಿರವೂ ಕೂತಿದೆ.

"ತಾಜ್ ಹೋಟೆಲೂ ಚೈನೇ ಅಲ್ವಾ?" ಶೆಟ್ರು ಕೇಳಿದರು. ಕೇಳಿದ ರೀತಿಯಲ್ಲೇ ಆಸೆ ಕಾಣುತ್ತಿತ್ತು.

"ಹೌದು. 1903ರಿಂದ ಉಂಟು. ಗೇಟ್‌ವೇ ಆಫ್ ಇಂಡಿಯಾಕ್ಕಿಂತಲೂ ಹಳತು. ಆದರೆ ಅಲ್ಲಿ ಒಂದು ರಾತ್ರಿಗೆ ನಿಮ್ಮ ಮಗ ಇನ್ನೊಂದು ತಿಂಗಳ ಸಂಬಳ ಹಾಕಬೇಕಾಗ್ತದೆ" ಎಂದ ಸದಾ. "ಜಿಂಜರ್ ನೋಡಿ. ಅದೂ ಅದೇ ಟಾಟಾದವರದ್ದು. ಮೊದಲನೆಯದು 2004ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡಿನಲ್ಲೇ ಶುರುವಾದದ್ದು, ಆಗ ಹೆಸರು ಬೇರೆ ಇತ್ತು."

ಶೆಟ್ರ ಮುಖ ಅರಳಿತು. "ಹಾಗಾದ್ರೆ ಊರಿಗೆ ಬಂದು ‘ತಾಜ್‌ನವರ ಹೋಟೆಲಲ್ಲಿ ಇಳ್ಕೊಂಡಿದ್ದೆ’ ಅಂದರೆ ಸುಳ್ಳಾಗುವುದಿಲ್ಲ?"

"ಸುಳ್ಳಾಗುವುದಿಲ್ಲ. ಪೂರ್ತಿ ನಿಜವೂ ಆಗುವುದಿಲ್ಲ."

"ಸಾಕು" ಎಂದರು ಶೆಟ್ರು.

ಗೋಳಿಬಜೆ ಬಂತು. ಐದು ನಿಮಿಷ ದೇಶದ ಎಲ್ಲ ಹೋಟೆಲುಗಳೂ ಬಾಗಿಲು ಹಾಕಿದವು.

ಬಾಯಿ ಒರೆಸಿಕೊಂಡು ಭಟ್ರು ಒಂದನ್ನು ಮೆಚ್ಚಿದರು. ಅಗ್ಗ, ತಿಂಡಿ ಸೇರಿ, ಹೆಸರಲ್ಲಿ ‘ಮುಂಬೈ’ ಕೂಡ ಇತ್ತು. ಸದಾ ಮ್ಯಾಪು ಹಿಗ್ಗಿಸಿ ತೋರಿಸಿದ. ಖಾಡಿ ದಾಟಿ ನವಿ ಮುಂಬೈಯಲ್ಲಿ ಕೂತಿತ್ತು. ಮುಂಬೈ ಅಂದರೆ ತೆಂಕು ಬಡಗು ಉದ್ದಕ್ಕೆ ಮಲಗಿದ ಊರು. ತಲೆಯ ಹತ್ತಿರ ರೂಮು ಹಿಡಿದು ಪಾದದ ಹತ್ತಿರ ಮದುವೆಗೆ ಹೋದರೆ ಆರತಕ್ಷತೆಯ ಐಸ್‌ಕ್ರೀಮ್ ಹೊತ್ತಿಗೆ ತಲುಪಬಹುದು. ಅಲ್ಲಿ ದೂರವನ್ನು ಕಿಲೋಮೀಟರಲ್ಲಿ ಯಾರೂ ಹೇಳುವುದಿಲ್ಲ. "ಸೆಂಟ್ರಲ್ಲಾ, ವೆಸ್ಟರ್ನಾ, ಹಾರ್ಬರಾ" ಅಂತ ಲೈನು ಕೇಳುತ್ತಾರೆ. ಒಂದು ಲೈನಿನವನಿಗೆ ಇನ್ನೊಂದು ಲೈನಿನ ಊರು ವಿದೇಶ.

"ಏರ್‌ಪೋರ್ಟ್ ಕಡೆ ಹಿಡಿಯಿರಿ" ಎಂದ ಸದಾ. "ಚೈನ್ ಹೋಟೆಲುಗಳೆಲ್ಲ ಅಲ್ಲೇ ಗುಂಪು ಕಟ್ಟಿವೆ. ನೀವು ಇಳಿಯುವ ಕುರ್ಲಾ ಸ್ಟೇಷನ್ನಿಗೂ ಭಾರೀ ದೂರ ಅಲ್ಲ. ಮೊದಲಾದರೆ ಏರ್‌ಪೋರ್ಟ್ ಕಡೆಯಿಂದ ಪೇಟೆಗೆ ಹೋಗುವುದೇ ಕಷ್ಟ ಇತ್ತು. 2025ರ ಅಕ್ಟೋಬರಲ್ಲಿ ಮೆಟ್ರೋದ ಮೂರನೇ ಲೈನು ಪೂರ್ತಿ ಓಪನ್ ಆಯ್ತು. ಆರೆಯಿಂದ ಕಫ್ ಪರೇಡ್ ತನಕ 33.5 ಕಿಲೋಮೀಟರ್, ಹೆಚ್ಚುಕಮ್ಮಿ ಎಲ್ಲ ನೆಲದಡಿ. ದಾದರ್, ಸಿದ್ಧಿವಿನಾಯಕ, ಚರ್ಚ್‌ಗೇಟ್, ಎಲ್ಲ ಅದರಲ್ಲೇ. ಈ ತುದಿಯಿಂದ ಆ ತುದಿಗೆ ಟಿಕೆಟ್ 70 ರೂಪಾಯಿ."

ಸಿದ್ಧಿವಿನಾಯಕ ಅಂದ ಕೂಡಲೇ ಭಟ್ರು ಏರ್‌ಪೋರ್ಟಿನ ಪಕ್ಷಕ್ಕೆ ಬಂದರು.

ಇನ್ನು ದರ. ಶೆಟ್ರು ಒಂದು 7,600 ರೂಪಾಯಿಯ ರೂಮಿಗೆ ಕೈ ಹಾಕಿದ್ದರು. ಪೈಗಳು ಅವರ ಕೈ ಹಿಡಿದರು. "ತಡೆಯಿರಿ! 7,500ರ ತನಕ ಜಿಎಸ್‌ಟಿ ಶೇಕಡಾ 5. 2025ರ ಸೆಪ್ಟೆಂಬರ್ 22ರಿಂದ ಹಾಗೆ. ಅದು ದಾಟಿದರೆ 18." ಬಿಲ್ಲಿನ ಹಿಂದೆ ಪೆನ್ನು ಓಡಿತು. 7,400ರ ರೂಮು ತೆರಿಗೆ ಸೇರಿ 7,770. 7,600ರದ್ದು 8,968. "ಇನ್ನೂರು ರೂಪಾಯಿಯ ದೊಡ್ಡಸ್ತಿಕೆಗೆ 1,198 ರೂಪಾಯಿ ಹೆಚ್ಚು!" ಅಷ್ಟು ಖುಷಿ ಅವರ ಮುಖದಲ್ಲಿ ನಾನು ಮಗಳ ಮದುವೆಯಲ್ಲೂ ನೋಡಿರಲಿಲ್ಲ. ಕಡೆಗೆ 5,000ದ ಆಸುಪಾಸಿನದ್ದೇ ಸಾಕು ಅಂತಾಯಿತು.

"ಎರಡು ಬೆಡ್ಡಿನ ರೂಮು ತಾನೇ?" ನಾನು ಕೇಳಿದೆ. ಕೇಳಲು ಕಾರಣ ಇತ್ತು.

ಎರಡು ವರ್ಷದ ಹಿಂದೆ ಬೇರೊಂದು ಊರಿನ ಚೈನ್ ಹೋಟೆಲಿನಲ್ಲಿ ನಾನು, ಭಟ್ರು ಒಂದೇ ರೂಮಿನಲ್ಲಿದ್ದೆವು. ಹೆಸರು ಬೇಡ ಬಿಡಿ. ಡಬಲ್ ರೂಮು ಅಂದರೆ ಎರಡು ಮಂಚ ಅಂದುಕೊಂಡಿದ್ದೆವು. ಇದ್ದದ್ದು ಒಂದೇ ದೊಡ್ಡ ಮಂಚ, ಅದರ ಮೇಲೆ ಟವೆಲಿನಲ್ಲಿ ಮಾಡಿದ ಎರಡು ಹಂಸ, ಕೊಕ್ಕಿಗೆ ಕೊಕ್ಕು ತಾಗಿಸಿಕೊಂಡು. ಭಟ್ರು ನನ್ನನ್ನು ನೋಡಿದರು, ನಾನು ಕಿಟಕಿ ನೋಡಿದೆ. ಅದು ತೆರೆಯುವ ಕಿಟಕಿಯೂ ಅಲ್ಲ.

ಅದು ಹೋಗಲಿ. ಬಚ್ಚಲಿಗೂ ಮಂಚಕ್ಕೂ ನಡುವೆ ಗೋಡೆಯ ಬದಲು ಗಾಜು! ಪೂರ್ತಿ ಗಾಜು, ನಮ್ಮೂರಿನ ಬೇಕರಿಯ ಕಪಾಟಿನ ಹಾಗೆ. ಒಳಗೆ ಕೇಕಿನ ಜಾಗದಲ್ಲಿ ಭಟ್ರು. ಪರದೆ ಇತ್ತು, ನಿಜ. ಆದರೆ ಅದರ ದಾರ ಇದ್ದದ್ದು ಹೊರಗೆ, ಮಂಚದ ಕಡೆ. ಅಂದರೆ ಮೀಯುವವರ ಮಾನ ಮಲಗಿದವರ ಕೈಯಲ್ಲಿ. ಭಟ್ರು ಒಳಗಿನಿಂದ "ಎಳೆಯಿರಿ, ಇನ್ನೂ ಎಳೆಯಿರಿ" ಅನ್ನುತ್ತಿದ್ದರು. ನಾನು ಎಳೆದೆ. ಅದು ಮೇಲೆ ಹೋಯಿತು. ಆಮೇಲೆ ಭಟ್ರು ಮಿಂದು ಮುಗಿಸುವ ತನಕ ನಾನು ಲಾಬಿಯಲ್ಲಿ ಕೂತು ಎರಡು ಇಂಗ್ಲಿಷ್ ಪೇಪರ್ ಓದಿದೆ.

ಅದಕ್ಕೇ ಈಗ ಸದಾನಿಗೆ ಮೊದಲು ಬಚ್ಚಲಿನ ಫೋಟೋ ತೋರಿಸಲು ಹೇಳಿದೆವು. ಅವನು ಫೋಟೋ ತಿರುಗಿಸುತ್ತಾ ಹೋದ, ಭಟ್ರು ಕನ್ನಡಕ ಏರಿಸಿ "ಗಾಜು... ಗಾಜು... ಅರ್ಧ ಗಾಜು... ಹಾಂ, ಇದು ಗೋಡೆ!" ಎಂದರು. ಹಾಗೆ ನಮ್ಮ ಹೋಟೆಲು ಆರಿಸಿದ್ದು. ಸ್ಟಾರ್ ನೋಡಿ ಅಲ್ಲ.

"ಇನ್ನೊಂದು ಉಂಟು" ಪೈಗಳು ಮತ್ತೆ ಬಿಲ್ಲು ತಿರುಗಿಸಿದರು. "ನಮ್ಮ ಮತ್ಸ್ಯಗಂಧಾ ರೈಲು ಮುಂಬೈ ತಲುಪುವುದು ಬೆಳಗ್ಗೆ ಏಳರ ಹೊತ್ತಿಗೆ. ಹೋಟೆಲಿನ ಚೆಕ್-ಇನ್ ಎಷ್ಟಕ್ಕೆ?"

"ಮಧ್ಯಾಹ್ನ ಎರಡಕ್ಕೆ."

"ಚೆಕ್-ಔಟ್?"

"ಹನ್ನೆರಡಕ್ಕೆ."

ಪೈಗಳು ಪೆನ್ನು ಕೆಳಗಿಟ್ಟರು. "ಎರಡಕ್ಕೆ ಒಳಗೆ, ಮರುದಿನ ಹನ್ನೆರಡಕ್ಕೆ ಹೊರಗೆ. 22 ಗಂಟೆ. ಇವರಿಗೆ ದಿನ ಅಂದರೆ 22 ಗಂಟೆಯಾ? ನಾನು 35 ವರ್ಷ ಬಡ್ಡಿ ಲೆಕ್ಕ ಹಾಕಿದವ. ಒಂದು ಗಿರಾಕಿಗೆ ಎರಡು ಗಂಟೆ ಕಡಿಮೆ ಕೊಟ್ಟವನಲ್ಲ."

"ಆ ಎರಡು ಗಂಟೆಯಲ್ಲಿ ರೂಮು ಗುಡಿಸಬೇಡವಾ?" ಅಂದ ಸದಾ.

"ಗುಡಿಸಲಿ. ನಮ್ಮ ದುಡ್ಡಲ್ಲಿ ಯಾಕೆ?"

ಹಳೆಯ ಲಾಡ್ಜುಗಳೇ ವಾಸಿ, 24 ಗಂಟೆ ಅಂತ ಬೋರ್ಡು ಹಾಕಿ 24 ಗಂಟೆಯೇ ಕೊಡುತ್ತಿದ್ದರು ಅಂತ ಶೆಟ್ರು ನೆನಪಿಸಿದರು. ತಿಗಣೆಯೂ 24 ಗಂಟೆ ಅಂತ ನಾನು ಸೇರಿಸಿದೆ. ಭಟ್ರಿಗೆ ಮಾತ್ರ ಒಂದೇ ಚಿಂತೆ. ಬೆಳಗ್ಗೆ ಏಳರಿಂದ ಎರಡರ ತನಕ ಮೀಯದೆ, ತಿನ್ನದೆ, ಬ್ಯಾಗು ಹಿಡಿದುಕೊಂಡು ಎಲ್ಲಿ ಕೂರುವುದು? ಬ್ಯಾಗನ್ನು ಹೋಟೆಲಿನವರು ಇಟ್ಟುಕೊಳ್ಳುತ್ತಾರೆ, ಸುಮ್ಮನೆ ಕೇಳಿದರೂ ಸಾಕು ಅಂದ ಸದಾ. "ನನ್ನನ್ನೂ ಇಟ್ಕೊಳ್ತಾರಾ ಕೇಳು" ಅಂದರು ಭಟ್ರು.

ಮಾತು ಸಾಕಾಯಿತು. ಎರಡು ರೂಮು, ಎರಡು ರಾತ್ರಿ, ಪ್ರತ್ಯೇಕ ಮಂಚ, ಗೋಡೆಯ ಬಚ್ಚಲು. ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಇಲ್ಲ ಅನ್ನುವ ದರ ಸ್ವಲ್ಪ ಕಡಿಮೆ ಇತ್ತು. ಪೈಗಳು ಅದನ್ನೇ ಒತ್ತಿಸಿದರು. ಶೆಟ್ರ ಕಾರ್ಡು, ಶೆಟ್ರ ಒಟಿಪಿ. ಟಿಂಗ್ ಎಂದಿತು. ಎಲ್ಲರೂ ಆಧಾರ್ ತರಬೇಕು, ಪ್ಯಾನ್ ಕಾರ್ಡ್ ನಡೆಯುವುದಿಲ್ಲ, ಅದರಲ್ಲಿ ವಿಳಾಸ ಇರುವುದಿಲ್ಲ ಅಂತ ಸದಾ ಹೇಳುತ್ತಿದ್ದ. ಪೈಗಳು ಕೇಳಿಸಿಕೊಳ್ಳುತ್ತಿರಲಿಲ್ಲ. ಅವರು ಸ್ಕ್ರೀನ್ ನೋಡುತ್ತಿದ್ದರು.

"ಸದಾ, ಇದು 12 ಮತ್ತು 13ರ ರಾತ್ರಿ ಅಲ್ವಾ?"

"ಹೌದು. ನೀವೇ ಹೇಳಿದ್ದಲ್ವಾ, 12ಕ್ಕೆ ರೈಲು ಅಂತ."

"12ಕ್ಕೆ ಹತ್ತುವುದು ಮಾರಾಯ. ಇಳಿಯುವುದು 13ಕ್ಕೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. 12ರ ರಾತ್ರಿ ನಾವು ರತ್ನಾಗಿರಿಯ ಹತ್ತಿರ ಎಲ್ಲೋ ಬರ್ತಿನಲ್ಲಿ ಗೊರಕೆ ಹೊಡೆಯುವಾಗ ಮುಂಬೈಯಲ್ಲಿ ನಾಲ್ಕು ಮಂಚ ನಮಗಾಗಿ ಕಾಯುತ್ತಾ ಇರುತ್ತವೆ. ಎಸಿ ಕೂಡ ಹಾಕಿಟ್ಟಿರಬಹುದು.

ಮೊದಲು ಎಚ್ಚೆತ್ತವರು ಭಟ್ರು. "ಹಾಗಾದರೆ 13ರ ಬೆಳಗ್ಗೆ ಏಳಕ್ಕೆ ಸೀದಾ ರೂಮಿಗೆ ಹೋಗಬಹುದಲ್ವಾ? ರೂಮು ಆಗಲೇ ನಮ್ಮದು."

"ಹೋಗಬಹುದು. ತಡವಾಗಿ ಬರ್ತೇವೆ ಅಂತ ಮೊದಲೇ ಫೋನ್ ಮಾಡಿ ಹೇಳಬೇಕು. ಇಲ್ಲದಿದ್ದರೆ ಬರಲೇ ಇಲ್ಲ ಅಂತ ಬೇರೆಯವರಿಗೆ ಕೊಟ್ಟುಬಿಡಬಹುದು" ಎಂದ ಸದಾ.

ಶೆಟ್ರು ಅಲ್ಲೇ ಫೋನ್ ಹಚ್ಚಿದರು. "ಹಾಂ, ಸ್ವಲ್ಪ ಲೇಟಾಗ್ತದೆ. ಎಷ್ಟು ಗಂಟೆಗೆ? ಏಳಕ್ಕೆ. ರಾತ್ರಿ ಅಲ್ಲ ಮೇಡಂ, ಮರುದಿನ ಬೆಳಗ್ಗೆ." ಆ ಕಡೆ ಕೀಬೋರ್ಡಿನ ಸದ್ದು ನಿಂತದ್ದು ನಮಗೂ ಕೇಳಿಸಿತು.

"ಸ್ನಾನ ಆಗ್ತದಲ್ಲ, ಸಾಕು" ಎಂದರು ಭಟ್ರು. ಆ ಸ್ನಾನಕ್ಕೆ ಎಷ್ಟು ಬಿತ್ತು ಅಂತ ಪೈಗಳು ಬಿಲ್ಲಿನ ಹಿಂದೆ ಬರೆದು, ನೋಡಿ, ಮಡಚಿ ಜೇಬಿಗೆ ಹಾಕಿಕೊಂಡರು. ನಮಗೆ ತೋರಿಸಲಿಲ್ಲ.

ನನಗೆ ಆಗ ಹೊಳೆಯಿತು. "14ರ ಹನ್ನೆರಡಕ್ಕೆ ಚೆಕ್-ಔಟ್. ಸಂಜೆ ಮದುವೆ. ವಾಪಸ್ ರೈಲು 15ಕ್ಕೆ. 14ರ ರಾತ್ರಿ ಎಲ್ಲಿ?"

ಸದಾ ಆ್ಯಪ್ ನೋಡಿದ. ನಾವು ಹರಟುತ್ತಿದ್ದ ಒಂದೂವರೆ ಗಂಟೆಯಲ್ಲಿ ಆ ರೂಮಿನ ದರ 7,500 ದಾಟಿತ್ತು. ಶೇಕಡಾ 18.

ಎಲ್ಲರೂ ಶೆಟ್ರನ್ನು ನೋಡಿದೆವು. ಶೆಟ್ರು ಮೇಜನ್ನು ನೋಡಿದರು. ಆಮೇಲೆ ನಿಧಾನವಾಗಿ ಇನ್ನೊಂದು ನಂಬರು ಒತ್ತಿದರು.

"ಭಾವಾ, ಚೆನ್ನಾಗಿದ್ದೀರಾ? ಅಕ್ಕನಿಗೆ ಗಂಟು ನೋವು ಹೇಗುಂಟು? ನಿಮ್ಮನ್ನೆಲ್ಲ ನೋಡದೆ ತುಂಬಾ ಸಮಯ ಆಯ್ತಲ್ಲ, ಅದಕ್ಕೇ 14ರ ರಾತ್ರಿ ಬರುವಾ ಅಂತ... ಹಾಂ, ಮಳೆ ಚೆನ್ನಾಗಿ ಬಂದಿದೆ... ಎಷ್ಟು ಜನವಾ?"

ಶೆಟ್ರು ನಮ್ಮ ನಾಲ್ಕು ಚಾ ಲೋಟಗಳ ಮೇಲೆ ಒಮ್ಮೆ ಕಣ್ಣಾಡಿಸಿದರು.

"ಇಬ್ಬರು ಭಾವಾ. ಹೆಚ್ಚಂದ್ರೆ ಇಬ್ಬರು."