ಇಟಲಿಯ ಮಲೋಕ್ಯೋ: ತಟ್ಟೆ ನೀರಿಗೆ ಎಣ್ಣೆ ಬಿಟ್ಟು ದೃಷ್ಟಿ ನೋಡೋ ಕ್ರಮ ಯಾವುದು?

ಹುಣಸೆಬೀಜ (ಪ್ರಶ್ನೆ):
ದಕ್ಷಿಣ ಇಟಲಿಯಲ್ಲಿ ದೃಷ್ಟಿಗೆ ಮಲೋಕ್ಯೋ ಅಂತಾರೆ. ನೀರಿಗೆ ಎಣ್ಣೆ ಬಿಟ್ಟು ಅದನ್ನ ಕಂಡುಹಿಡಿಯೋ ಕ್ರಮವನ್ನ ಒಬ್ಬೊಬ್ಬರು ಒಂದೊಂದು ಥರ ಬರೀತಾರೆ. ಎಷ್ಟು ಹನಿ? ಹರಡಿದ್ರೆ ದೃಷ್ಟಿನಾ, ಹರಡದಿದ್ರೆ ದೃಷ್ಟಿನಾ? ಮೊದಲ ಸಲ ಹರಡಿದ ಎಣ್ಣೆ ಮೂರನೇ ಸಲಕ್ಕೆ ಗುಂಡಗೆ ನಿಲ್ಲುತ್ತಂತೆ, ಯಾಕೆ? ದೃಷ್ಟಿ ತಾಗದ ಹಾಗೆ ಹಾಕ್ಕೊಳ್ಳೋ ಆ ಕೆಂಪು ಕೊಂಬಿನ ತಾಯಿತವನ್ನ ನಾವೇ ಕೊಂಡು ಹಾಕ್ಕೋಬಹುದಾ?

ಒರಳುಕಲ್ಲು:
ಸೂಪ್ ಕುಡಿಯೋ ಆಳದ ತಟ್ಟೆಯಲ್ಲಿ ತಣ್ಣೀರು. ಅದರ ಮೇಲೆ ಶಿಲುಬೆ ಗುರುತು ಎಳೆದು, ಬೆರಳನ್ನ ಆಲಿವ್ ಎಣ್ಣೆಯಲ್ಲಿ ಅದ್ದಿ ಒಂದೊಂದಾಗಿ ಮೂರು ಹನಿ ಬಿಡ್ತಾರೆ. ಪ್ರಾರ್ಥನೆ ತುಟಿಯೊಳಗೇ, ಪಕ್ಕದವರಿಗೂ ಕೇಳಬಾರದು. ಹನಿ ಬೇರೆಬೇರೆಯಾಗಿ ಗುಂಡಗೆ ನಿಂತರೆ ಏನೂ ಇಲ್ಲ. ಹರಡಿದರೆ, ಇಲ್ಲಾ ಕೂಡಿಕೊಂಡು ಕಣ್ಣಿನ ಹಾಗೆ ಕಂಡರೆ ದೃಷ್ಟಿ ಆಗಿದೆ. ಊರಿಂದೂರಿಗೆ ಈ ಲೆಕ್ಕ ಬದಲಾಗುತ್ತೆ, ನೀವು ಓದಿದ ಗೊಂದಲ ಅಲ್ಲಿಂದಲೇ ಬಂದಿರೋದು.

ದೃಷ್ಟಿ ಕಂಡರೆ ಉಪ್ಪು ಹಾಕೋದು, ತಟ್ಟೆಯ ಮೇಲೆ ಕತ್ತರಿ ಆಡಿಸಿ ‘ಕಣ್ಣು’ ಕತ್ತರಿಸೋದು ಉಂಟು. ಆಮೇಲೆ ನೀರು ಚೆಲ್ಲಿ ಹೊಸ ನೀರಲ್ಲಿ ಮತ್ತೆ ಹನಿ, ಸಾಮಾನ್ಯವಾಗಿ ಮೂರು ಸಲದವರೆಗೆ. ತೆಗೆಯೋರಿಗೆ ಆಕಳಿಕೆ ಬಂದು ಕಣ್ಣಲ್ಲಿ ನೀರು ತುಂಬಿದರೆ ದೃಷ್ಟಿ ಜೋರಾಗಿತ್ತು ಅಂತ ಅರ್ಥ. ಪ್ರಾರ್ಥನೆಯನ್ನ ಹೇಳಿಕೊಡೋದು ಕ್ರಿಸ್‌ಮಸ್ ಹಿಂದಿನ ರಾತ್ರಿ ಮಾತ್ರ. ಬೇರೆ ದಿನ ಬಾಯಿಬಿಟ್ಟರೆ ಶಕ್ತಿ ಹೋಗುತ್ತೆ ಅನ್ನೋ ನಂಬಿಕೆ.

ನೀರ್ಗುಳ್ಳೆ:
ಮೂರನೇ ಸಲದ ಗುಟ್ಟು ತಟ್ಟೆಯಲ್ಲಿದೆ. ನಿಜವಾಗಿ ಶುಚಿಯಾದ ನೀರಿನ ಮೇಲೆ ಆಲಿವ್ ಎಣ್ಣೆ ಹರಡೋದೇ ಸಹಜ. ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಪಮ್ ಕೆರೆಗೆ ಒಂದು ಟೀ ಚಮಚ ಎಣ್ಣೆ ಬಿಟ್ಟಾಗ ಸುಮಾರು ಅರ್ಧ ಎಕರೆ ನೀರು ನಯವಾಯ್ತು. ನೀರಿನ ಮೇಲೆ ಆಗಲೇ ತೆಳು ಜಿಡ್ಡು ಇದ್ದರೆ ಮೇಲ್ಮೈ ಎಳೆತ ಕಡಿಮೆಯಾಗಿ ಮುಂದಿನ ಹನಿ ಗುಂಡಗೆ ಕೂರುತ್ತೆ. ನೀರು ಚೆಲ್ಲಿದ್ರೂ ತಟ್ಟೆ ಅಂಚಿನ ಎಣ್ಣೆ ಹೋಗಲ್ಲವಲ್ಲ! ಹಾಗಾಗಿ ಎರಡನೇ, ಮೂರನೇ ಸುತ್ತಿಗೆ ‘ವಾಸಿಯಾಯ್ತು’ ಅಂತ ಕಾಣೋ ಸಾಧ್ಯತೆ ಜಾಸ್ತಿ. ಪರೀಕ್ಷೆ ಮಾಡೋದಾದ್ರೆ ಪ್ರತಿ ಸುತ್ತಿಗೂ ಬೇರೆ ತಟ್ಟೆ ತಗೊಳ್ಳಿ. ಅದೇ ತಟ್ಟೆಯನ್ನ ಬರೀ ನೀರಲ್ಲಿ ಅಲ್ಲಾಡಿಸಿ ತೊಳೆದರೆ ಸಾಲದು.

ಕೆಂಪುಹವಳ:
ಕೊಂಬಿನ ಹೆಸರು ಕೋರ್ನಿಚೆಲ್ಲೊ, ನೇಪಲ್ಸ್‌ನದು. ಗಟ್ಟಿ, ಒಳಗೆ ಟೊಳ್ಳು, ಸೊಟ್ಟ, ತುದಿ ಚೂಪು: ಈ ನಾಲ್ಕೂ ಇರಬೇಕು ಅಂತ ಅಲ್ಲಿಯ ಗಾದೆ. ಹವಳದ್ದಾದರೆ ಪಕ್ಕದ ತೋರ್ರೆ ದೆಲ್ ಗ್ರೇಕೊ ಊರು ಅದರ ಕೆತ್ತನೆಗೆ ಹೆಸರುವಾಸಿ. ತಾನೇ ಕೊಂಡುಕೊಂಡದ್ದು ಕೆಲಸ ಮಾಡಲ್ಲ ಅಂತಾರೆ, ಇನ್ನೊಬ್ಬರು ಕೊಡಬೇಕು. ಮುರಿದರೆ ಅಪಶಕುನ ಅಲ್ಲ, ದೃಷ್ಟಿಯನ್ನ ತಾನೇ ತಗೊಂಡಿತು ಅಂತ ಲೆಕ್ಕ.

ಕೊಂಬಿಲ್ಲದವರು ತೋರುಬೆರಳು, ಕಿರುಬೆರಳು ಚಾಚಿ, ನಡುವಿನ ಎರಡನ್ನೂ ಮಡಚಿ ಕೈ ಮಾಡ್ತಾರೆ. ತುದಿ ನೆಲದ ಕಡೆಗೇ ಇರಬೇಕು. ಅದನ್ನೇ ಮೇಲಕ್ಕೆತ್ತಿ ಒಬ್ಬರ ಮುಖಕ್ಕೆ ತೋರಿಸಿದರೆ ‘ನಿನ್ನ ಹೆಂಡತಿ ಬೇರೆಯವನ ಜೊತೆ’ ಅನ್ನೋ ಬೈಗುಳ, ಜಗಳ ಗ್ಯಾರಂಟಿ. 1973ರಲ್ಲಿ ನೇಪಲ್ಸ್‌ನಲ್ಲಿ ಕಾಲರಾ ಬಂದಾಗ ಇಟಲಿಯ ಆಗಿನ ಅಧ್ಯಕ್ಷ ಜೊವಾನ್ನಿ ಲೆಯೋನೆ ಆಸ್ಪತ್ರೆಗೆ ಹೋದಾಗ ಈ ಕೈ ಮಾಡಿದ್ದು ದೇಶವೆಲ್ಲ ಮಾತಾಯ್ತು.

ಒರಳುಕಲ್ಲು:
ಒಂದು ಬಿಟ್ಟಿದ್ದೆ. ಮಲೋಕ್ಯೋ ಹೊಟ್ಟೆಕಿಚ್ಚಿನ ಕಣ್ಣಿಂದ ಆಗೋದು. ನೇಪಲ್ಸ್‌ನವರ ಯೆತ್ತಾತೂರಾ ಬೇರೆ: ಪಾಪ, ಅದನ್ನ ತರೋ ಮನುಷ್ಯನಿಗೆ ಕೆಟ್ಟ ಮನಸ್ಸೇನೂ ಇರಲ್ಲ, ಕಾಲಿಟ್ಟಲ್ಲಿ ಎಡವಟ್ಟು ಅಷ್ಟೆ. ಎಣ್ಣೆ ತಟ್ಟೆ ಮೊದಲನೆಯದಕ್ಕೆ. ಎರಡನೆಯದಕ್ಕೆ ಅವನು ಬರೋದು ಕಂಡ ಕೂಡಲೇ ಜೇಬಲ್ಲಿರೋ ಕೊಂಬನ್ನ, ಇಲ್ಲಾ ಹತ್ತಿರದ ಕಬ್ಬಿಣವನ್ನ ಮುಟ್ಟಬೇಕು.