ಗಾಳಿಗೆ ಆಡುವ ಜಾಲರಿ: ಮಾಡಿದವರು ಹೇಳಿ

ಬೆಂಗಳೂರಿನಿಂದ ಪ್ರಶ್ನೆ: ನಮ್ಮ ಶಾಲೆಯ ತೆರೆದ ವರಾಂಡದಲ್ಲಿ ಎಂಟಡಿ ಅಗಲ, ಆರಡಿ ಎತ್ತರದ ಜಾಗವಿದೆ. ಒಂದರ ಹಿಂದೊಂದು ಗೆರೆಗಳ ಜಾಲರಿ ಇಟ್ಟರೆ ಅಲೆಯಂತೆ ಪಟ್ಟಿಗಳು ಓಡುತ್ತವಲ್ಲ, ಅಂಥದ್ದನ್ನು ಮಕ್ಕಳ ಜೊತೆ ಸೇರಿ ಮಾಡುವ ಆಸೆ. ಮೋಟರ್ ಬೇಡ, ಗಾಳಿಯೇ ಆಡಿಸಬೇಕು. ಎಲ್ಲಿಂದ ಶುರು ಮಾಡಲಿ?

ಧಾರವಾಡದಿಂದ: ಆ ಅಲೆಗೆ ಮ್ವಾರೆ ಅಂತಾರೆ. ಸೊಳ್ಳೆಪರದೆಯ ಎರಡು ಮಡಿಕೆ ಒಂದರ ಮೇಲೊಂದು ಬಿದ್ದಾಗ ಕಾಣುವುದೂ ಅದೇ. ಸಾಮಾನು ಕೊಳ್ಳುವ ಮೊದಲು ಜೆರಾಕ್ಸ್ ಅಂಗಡಿಗೆ ಹೋಗಿ. 5 ಮಿ.ಮೀ. ಕಪ್ಪು, 5 ಮಿ.ಮೀ. ಖಾಲಿ, ಹೀಗೆ ಉದ್ದುದ್ದ ಗೆರೆಗಳನ್ನು ಎರಡು ಪಾರದರ್ಶಕ ಹಾಳೆಗಳ ಮೇಲೆ ಪ್ರಿಂಟ್ ಮಾಡಿಸಿ. ಒಂದರ ಮೇಲೊಂದಿಟ್ಟು ಮೇಲಿನದನ್ನು 5 ಡಿಗ್ರಿ ಓರೆ ಮಾಡಿದರೆ ಸುಮಾರು 11 ಸೆಂ.ಮೀ.ಗೊಂದು ಅಡ್ಡಪಟ್ಟಿ ಕಾಣುತ್ತದೆ. ಓರೆ 1 ಡಿಗ್ರಿಗೆ ಇಳಿದರೆ ಪಟ್ಟಿಗಳ ನಡುವಿನ ದೂರ 57 ಸೆಂ.ಮೀ. ಆಗುತ್ತದೆ (ಇದನ್ನು ನೋಡಲು ಹಾಳೆ ಸಾಲದು, ದೊಡ್ಡ ಜಾಲರಿಯೇ ಬೇಕು). ಈಗ ಒಂದು ಜಾಲರಿಯನ್ನು ಪಕ್ಕಕ್ಕೆ ಬರೀ 1 ಸೆಂ.ಮೀ. ಸರಿಸಿ: ಪಟ್ಟಿ ಆ ಪೂರ್ತಿ 57 ಸೆಂ.ಮೀ. ಓಡುತ್ತದೆ, ಅದೂ ಪಕ್ಕಕ್ಕಲ್ಲ, ಮೇಲಕ್ಕೋ ಕೆಳಕ್ಕೋ! ಮೊದಲ ಸಲ ನೋಡಿದಾಗ ನಾನು ಅರ್ಧ ಗಂಟೆ ಅಲ್ಲೇ ಕೂತಿದ್ದೆ. ಗಾಳಿಯ ಒಂದು ಸಣ್ಣ ತಳ್ಳು ಕಣ್ಣಿಗೆ ಅಷ್ಟು ದೊಡ್ಡದಾಗುತ್ತದೆ.

ನಾನು ಮಾಡಿದ ತಪ್ಪು, ಎರಡೂ ಜಾಲರಿಗಳನ್ನು ತೂಗುಬಿಟ್ಟಿದ್ದು. ಅಲೆ ಹೋಗಿ ಗೊಂದಲ ಉಳಿಯಿತು. ಮುಂದಿನದು ಗಟ್ಟಿಯಾಗಿ ನಿಲ್ಲಲಿ. ಹಿಂದಿನದನ್ನು ಚೌಕಟ್ಟಿಗೆ ಕಟ್ಟಿ, ಎರಡು ಹಗ್ಗದಲ್ಲಿ ಜೋಕಾಲಿಯಂತೆ ಗೋಡೆಗುಂಟ ತೂಗುವ ಹಾಗೆ ಇಳಿಬಿಡಿ. ಎಂಟಡಿಯಲ್ಲಿ ಒಂದು ತುದಿ 4 ಸೆಂ.ಮೀ. ಕೆಳಗಿದ್ದರೆ ಹೆಚ್ಚುಕಡಿಮೆ 1 ಡಿಗ್ರಿ ಓರೆ. ಗಾಳಿ ಹಿಡಿಯಲು ಚೌಕಟ್ಟಿನ ಅಂಚಿಗೆ ಒಂದೆರಡು ರೆಕ್ಕೆ ಸಿಕ್ಕಿಸಿ.

ಗದಗದಿಂದ: ಜಾಲರಿಯನ್ನು ಇಡೀ ಹಾಳೆಯ ಮೇಲೆ ಅಚ್ಚು ಹಾಕಿಸಿ ತೂಗುಹಾಕಬೇಡಿ, ದಯವಿಟ್ಟು. ಗಾಳಿಯ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಎಂಟು-ಆರಡಿಯ ಮುಚ್ಚಿದ ಹಾಳೆಗೆ ಗಂಟೆಗೆ 72 ಕಿ.ಮೀ. ಗಾಳಿ ನೇರ ಬಡಿದರೆ ನೂರು ಕೆ.ಜಿ.ಗೂ ಮೀರಿದ ಭಾರ ಬೀಳುತ್ತದೆ. ಆಷಾಢದಲ್ಲಿ ನಮ್ಮ ಕಡೆ ಬೀಸುವುದನ್ನು ನೋಡಿದವನು ನಾನು. ಬಿಡಿಬಿಡಿ ಪಟ್ಟಿ ಕಟ್ಟಿ, ಗಾಳಿ ನಡುವೆ ನುಸುಳಿ ಹೋಗಲಿ. ಮೀನಿನ ಗಾಳದ ನೈಲಾನ್ ದಾರವೂ ಬೇಡ. ನನ್ನದು ಎರಡು ಬೇಸಿಗೆಯ ಬಿಸಿಲಿಗೆ ಪುಡಿಯಾಗಿ ಹರಿಯಿತು. ಸ್ಟೇನ್‌ಲೆಸ್ ತಂತಿ ಹಾಕಿ.

ಗಾಳಿಗೆ ಆಡುವ ಶಿಲ್ಪಗಳನ್ನು ಮಾಡಿದ ಅಮೆರಿಕದ ಜಾರ್ಜ್ ರಿಕಿ (1907–2002) ಅವರ ಕೃತಿಗಳ ವಿಡಿಯೊ ಹುಡುಕಿ ನೋಡಿ. ಗಡಿಯಾರ ಮಾಡುವವರ ಮೊಮ್ಮಗ ಅವರು. ಉದ್ದುದ್ದ ಉಕ್ಕಿನ ಅಲಗುಗಳ ಬುಡದಲ್ಲಿ ಸೀಸದ ತೂಕ ಇಟ್ಟು, ಬುಡ ತುದಿಗಿಂತ ಒಂಚೂರೇ ಭಾರವಾಗುವಂತೆ ಮಾಡುತ್ತಿದ್ದರು. ಹಾಗಾಗಿ ತಂಗಾಳಿಗೂ ಅಲಗು ಅಲ್ಲಾಡುತ್ತದೆ, ಆದರೆ ಬಲು ನಿಧಾನವಾಗಿ. ಅವಸರವಿಲ್ಲದ ಆ ಚಲನೆಯೇ ನನಗೆ ಎಲ್ಲಕ್ಕಿಂತ ಇಷ್ಟ.

ಉಡುಪಿಯಿಂದ: ನಾನು ಮಾಡಿದ್ದು ಜಾಲರಿಯಲ್ಲ, ಅಲ್ಯೂಮಿನಿಯಂ ಬಿಲ್ಲೆಗಳ ಗೋಡೆ. ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದ ಕಾರ್ ಪಾರ್ಕಿಂಗ್ ಗೋಡೆಗೆ ಅಮೆರಿಕದ ಕಲಾವಿದ ನೆಡ್ ಕಾನ್ ಇಂಥ 2,50,000 ಬಿಲ್ಲೆ ತೂಗುಹಾಕಿದ್ದಾರೆ, ಗಾಳಿ ಬೀಸಿದಾಗ ಇಡೀ ಗೋಡೆ ನೀರಿನಂತೆ ತುಳುಕುತ್ತದೆ. ನನ್ನದು ಬರೀ ಆರುನೂರು. ಕಬ್ಬಿಣದ ಕಡ್ಡಿಗೆ ಪೋಣಿಸಿದ್ದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತೂತುಗಳ ಸುತ್ತ ಬಿಳಿ ಪುಡಿ ಕಟ್ಟಿ ಅರ್ಧ ಬಿಲ್ಲೆಗಳು ಅಲ್ಲಾಡದಾದವು. ಎರಡು ಲೋಹಗಳ ನಡುವೆ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಸವೆಯುತ್ತದೆ. ಸ್ಟೇನ್‌ಲೆಸ್ ಕಡ್ಡಿಯಾದರೂ ನಡುವೆ ನೈಲಾನ್ ವಾಷರ್ ಇರಲೇಬೇಕು. ತೂತು ಕಡ್ಡಿಗಿಂತ ಧಾರಾಳವಾಗಿ ದೊಡ್ಡದಿರಲಿ, ಇಲ್ಲವಾದರೆ ಒಂದು ಹನಿ ನೀರೇ ಬಿಲ್ಲೆಯನ್ನು ಹಿಡಿದು ನಿಲ್ಲಿಸುತ್ತದೆ.

ಮೈಸೂರಿನಿಂದ: ಶಾಲೆ ಅಂದಿದ್ದೀರಿ, ಅದಕ್ಕೇ ಹೇಳುತ್ತೇನೆ. ಕಡುಕಪ್ಪು-ಬಿಳಿ ಪಟ್ಟೆಗಳು ಕಣ್ಣೆದುರು ಓಡುತ್ತಿದ್ದರೆ ಕೆಲವರಿಗೆ ಮೈಗ್ರೇನ್ ಶುರುವಾಗುತ್ತದೆ, ಬೆಳಕಿಗೆ ಫಿಟ್ಸ್ ಬರುವ ಮಕ್ಕಳಿಗಂತೂ ಅಪಾಯ. ನನ್ನ ಮಗಳಿಗೆ ಮೈಗ್ರೇನ್ ಇದೆ. ಕಪ್ಪಿನ ಬದಲು ತಿಳಿಬೂದು ಬಣ್ಣ ಬಳಸಿ, ಮಕ್ಕಳು ಕೂತು ಓದುವ ಕಡೆಗೆ ಮುಖಮಾಡಿ ಇಡಬೇಡಿ.

ಬೆಂಗಳೂರಿನಿಂದ: ಎಲ್ಲರಿಗೂ ಧನ್ಯವಾದ. ಸಂಜೆ ಹಾಳೆ ಪ್ರಿಂಟ್ ಮಾಡಿಸಿ ತಂದೆ. ಏಳನೇ ತರಗತಿಯ ಹುಡುಗಿಯೊಬ್ಬಳು ಮೇಲಿನ ಹಾಳೆಯನ್ನು ಮೆಲ್ಲಗೆ ಎಳೆದು, "ಮಿಸ್, ನಾನು ಆಕಡೆ ಎಳೀತಿದೀನಿ, ಇದು ಮೇಲಕ್ಕೆ ಹತ್ತುತ್ತಿದೆ" ಅಂದಳು. ಬೂದು ಬಣ್ಣದಲ್ಲೇ ಮಾಡುತ್ತೇವೆ. ಜೋಕಾಲಿಯ ಹಗ್ಗ ಎಷ್ಟು ಉದ್ದ ಇದ್ದರೆ ಒಳ್ಳೆಯದು?

ಧಾರವಾಡದಿಂದ: ಸೂರು ಬಿಟ್ಟಷ್ಟು ಉದ್ದ. ಹಗ್ಗ ಉದ್ದವಾದಷ್ಟೂ ತೂಗು ನಿಧಾನ, ತಳ್ಳಲು ಬೇಕಾದ ಗಾಳಿಯೂ ಕಡಿಮೆ.