ಅಜ್ಜಿಯನ್ನು ‘ರಷ್ಯನ್’ ಅಂದೆ, ಬೇಜಾರಾದರು. ಯಾಕೆ?

ಪ್ರಶ್ನೆ:
ರಷ್ಯಾದ ತಾತಾರ್‌ಸ್ತಾನ್ ಗಣರಾಜ್ಯದ ರಾಜಧಾನಿ ಕಜಾನ್‌ನಲ್ಲಿ ಎಂಬಿಬಿಎಸ್ ಮೊದಲ ವರ್ಷ. ಮನೆ ಓನರ್ ಅಜ್ಜಿ ನಿನ್ನೆ ಎಚ್‌ಪೋಚ್‌ಮಾಕ್ ಕೊಟ್ಟರು. ಸಮೋಸದ ಹಾಗೆ ಮೂರು ಮೂಲೆ, ಆದರೆ ಓವನ್ನಿನಲ್ಲಿ ಬೇಯಿಸಿದ್ದು, ಒಳಗೆ ಮಾಂಸ, ಆಲೂಗಡ್ಡೆ, ಈರುಳ್ಳಿ. ‘ರಷ್ಯನ್ ತಿಂಡಿ ತುಂಬಾ ಚೆನ್ನಾಗಿದೆ’ ಅಂದೆ. ಅಜ್ಜಿ ಮುಖ ಸಪ್ಪಗಾಯಿತು. ‘ನಾನು ರೂಸ್ಕಾಯಾ (ರಷ್ಯನ್ ಹೆಂಗಸು) ಅಲ್ಲ, ತಾತಾರ್’ ಅಂದರು. ಹುಟ್ಟಿದ್ದು ಇಲ್ಲೇ, ಪಾಸ್‌ಪೋರ್ಟ್ ರಷ್ಯಾದ್ದೇ ಅಲ್ವಾ?

ಉತ್ತರ 1:
ಅದೇ ಊರಲ್ಲಿ ಆರು ವರ್ಷ ಓದಿದವನು ನಾನು. ನಿನ್ನದು ತಪ್ಪಲ್ಲ ಕಣಪ್ಪ, ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ ಪದ. ಅವರಿಗೆ ‘ರೂಸ್ಕಿ’ ಅಂದರೆ ಜನಾಂಗ, ‘ರೊಸ್ಸಿಯಾನಿನ್’ ಅಂದರೆ ರಷ್ಯಾದ ಪ್ರಜೆ. ಅಜ್ಜಿ ಪ್ರಜೆ ಹೌದು, ರೂಸ್ಕಿ ಅಲ್ಲ; ತಾತಾರ್ ಅನ್ನೋ ಬೇರೆ ಜನಾಂಗದವರು.

ಗೆಳೆಯನ ಅಜ್ಜ ಒಮ್ಮೆ ನನ್ನ ‘ನತ್ಸಿಯೊನಾಲ್‌ನೊಸ್ತ್’ ಕೇಳಿದರು. ಇಂಡಿಯನ್ ಅಂದೆ. ‘ಅದು ಗ್ರಝ್ದಾನ್‌ಸ್ತ್ವೊ, ಪೌರತ್ವ. ನಿಮ್ಮ ಅಪ್ಪ ಅಮ್ಮ ಯಾವ ಜನ?’ ಅಂದರು. ಕನ್ನಡಿಗರು ಅಂದೆ. ಆಗ ಸಮಾಧಾನದಿಂದ ತಲೆಯಾಡಿಸಿದರು. ನನಗೂ ಅವತ್ತೇ ಅರ್ಥವಾಗಿದ್ದು.

ಸೋವಿಯತ್ ಸರ್ಕಾರ 1932ರಲ್ಲಿ ಒಳನಾಡಿನ ಪಾಸ್‌ಪೋರ್ಟ್, ಅಂದರೆ ದೇಶದೊಳಗೇ ಬಳಸುವ ಗುರುತಿನ ಚೀಟಿ, ತಂದಿತು. ಅದರಲ್ಲಿ ಜನಾಂಗವನ್ನೂ ಬರೆಯುತ್ತಿದ್ದರು. ಅಪ್ಪ ಅಮ್ಮ ಬೇರೆ ಬೇರೆ ಜನಾಂಗದವರಾದರೆ, 16 ವರ್ಷಕ್ಕೆ ಪಾಸ್‌ಪೋರ್ಟ್ ಮಾಡಿಸುವಾಗ ಒಂದನ್ನು ಆರಿಸಬೇಕಿತ್ತು. ಯಹೂದಿ ಅಂತ ಬರೆಸಿಕೊಂಡವರಿಗೆ ಕಾಲೇಜು ಸೀಟು, ಕೆಲಸ ಎರಡೂ ಕಷ್ಟವಾಗುತ್ತಿತ್ತು. 1997ರ ಹೊಸ ಪಾಸ್‌ಪೋರ್ಟಿನಲ್ಲಿ ಆ ಸಾಲು ತೆಗೆದರು. ಒಳ್ಳೆಯದೇ ಆಯ್ತು ಅಂದುಕೊಂಡೆಯಾ? ತಾತಾರ್‌ಸ್ತಾನ್‌ನಲ್ಲಿ ಜೋರು ವಿರೋಧ ಬಂತು. ನಮ್ಮ ಗುರುತೇ ಅಳಿಸಿಹೋಗುತ್ತೆ ಅನ್ನೋ ಭಯ. ಆಮೇಲೆ ತಾತಾರ್ ಭಾಷೆಯ ಹಾಳೆಯೊಂದನ್ನು ಪಾಸ್‌ಪೋರ್ಟಿಗೆ ಸೇರಿಸಿ ಕೊಟ್ಟರು. ಅಜ್ಜಿ ಮುಖ ಸಪ್ಪಗಾಗಿದ್ದರ ಹಿಂದೆ ಇಷ್ಟೆಲ್ಲಾ ಇದೆ.

ಉತ್ತರ 2:
ಒಂದು ಮಾತು ಸೇರಿಸ್ತೀನಿ. ರಷ್ಯಾದ 1993ರ ಸಂವಿಧಾನ ಶುರುವಾಗುವುದೇ ‘ನಾವು, ಹಲವು ಜನಾಂಗಗಳ ಜನ’ ಎಂಬ ಅರ್ಥದ ಮಾತಿನಿಂದ. 26ನೇ ವಿಧಿ ಪ್ರಕಾರ ಯಾರ ಜನಾಂಗವನ್ನೂ ಒತ್ತಾಯದಿಂದ ಹೇಳಿಸುವಂತಿಲ್ಲ. ಆದರೆ 2020ರ ತಿದ್ದುಪಡಿಯಲ್ಲಿ ರಷ್ಯನ್ ಭಾಷೆಯನ್ನು ‘ರಾಜ್ಯ ಕಟ್ಟಿದ ಜನರ ಭಾಷೆ’ ಅಂತ ಬರೆದರು. ಹಾಗಾದರೆ ತಾತಾರರು, ಕಲ್ಮಿಕರು, ಯಾಕೂತರಂಥ ರಷ್ಯಾದ ಬೇರೆ ಜನಾಂಗಗಳು ಏನು ಕಟ್ಟಿದವು? ಈ ಪ್ರಶ್ನೆ ನನ್ನನ್ನು ಬಿಡೋದೇ ಇಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಥ್ಯಾಂಕ್ಸ್. ಸಂಜೆ ಅಜ್ಜಿ ಹತ್ತಿರ ಕ್ಷಮೆ ಕೇಳಿ, ತಾತಾರ್‌ನಲ್ಲಿ ‘ರೆಹ್ಮೆತ್’ (ಧನ್ಯವಾದ) ಅಂದೆ. ಉಚ್ಚಾರ ಎರಡು ಸಲ ತಿದ್ದಿದರು. ಆಮೇಲೆ ಬೀರುವಿನಿಂದ ಮಗನ ಸೋವಿಯತ್ ಕಾಲದ ಜನನ ಪತ್ರ ತೆಗೆದರು. ಅಪ್ಪನ ಹೆಸರಿನ ಕೆಳಗೆ ‘ತಾತಾರ್’, ಅಮ್ಮನ ಹೆಸರಿನ ಕೆಳಗೂ ಅದೇ. ಆ ಎರಡು ಪದಗಳನ್ನು ಬೆರಳಿಟ್ಟು ತೋರಿಸಿದರು.